ನಿಂತ ಜಿಂಕೆಯ ಚರ್ಮ ಯಾಕೆ ನಿಲ್ಲುವುದಿಲ್ಲ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಎಂದರೆ, ಬೆಟ್ಟಗಳಿಗೆ ಒಂದೇ ಕಡೆ ಕೂತು ಅಭ್ಯಾಸವೇ ಆಗಿರಲಿಲ್ಲ. ಆಗಾಗ ಮಗ್ಗುಲು ಬದಲಿಸುತ್ತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ದಿನ ಹೀಗೆ, ಮಾರನೆಯ ದಿನ ಹಾಗೆ.

ಆ ಕಾಲದಲ್ಲಿ ನಿಂತಲ್ಲಿ ನಿಲ್ಲುವುದು ಗೊತ್ತಿದ್ದದ್ದು ಒಂದೇ ಪ್ರಾಣಿಗೆ. ಜಿಂಕೆಗೆ.

ನಂಬುವುದು ಕಷ್ಟ, ಆದರೂ ಕೇಳು. ಜಿಂಕೆ ಹುಲ್ಲಿಗೆ ಬಾಯಿ ಹಾಕಿತೆಂದರೆ ಬಂಡೆಯ ಹಾಗೆ ನಿಲ್ಲುತ್ತಿತ್ತು. ಹುಲಿ ಬಂದು ಪಕ್ಕದಲ್ಲಿ ನಿಂತು ಆಕಳಿಸಿದರೂ ಅದರ ಕಿವಿ ಅಲ್ಲಾಡುತ್ತಿರಲಿಲ್ಲ. ಹುಲಿಗೆ ಅದನ್ನು ಬೇಟೆ ಎಂದು ಕರೆಯಲೂ ನಾಚಿಕೆಯಾಗುತ್ತಿತ್ತು. ಗಿಡದಿಂದ ಸೀಬೆಹಣ್ಣು ಕಿತ್ತುಕೊಂಡ ಹಾಗೆ ಒಂದೊಂದನ್ನೇ ಎತ್ತಿಕೊಂಡು ಹೋಗುತ್ತಿತ್ತು.

ಅದೇ ಕಾಲದಲ್ಲಿ, ಅದೇ ಹೊಳೆಯ ದಡದಲ್ಲಿ, ಒಂದು ಕ್ಷಣವೂ ನಿಂತಲ್ಲಿ ನಿಲ್ಲದ ಒಬ್ಬ ಹೆಂಗಸಿದ್ದಳು. ಅವಳ ಹೆಸರು ಕೇತಿ.

ಕೇತಿ ಕೂತರೆ ಕಾಲು ಆಡಿಸುತ್ತಿದ್ದಳು. ಕಾಲು ಹಿಡಿದುಕೊಂಡರೆ ಕೈ ಆಡುತ್ತಿತ್ತು. ಕೈ ಕಟ್ಟಿಕೊಂಡರೆ ಬಾಯಿ ಆಡುತ್ತಿತ್ತು. ಊಟದ ನಡುವೆ ಮೂರು ಸಲ ಎದ್ದು ಬಾಗಿಲ ತನಕ ಹೋಗಿಬರುತ್ತಿದ್ದಳು. ಬಾಗಿಲಲ್ಲಿ ಏನಿತ್ತು ಎಂದು ಕೇಳಿದರೆ, "ಏನೂ ಇಲ್ಲ, ಅದನ್ನೇ ನೋಡ್ಕೊಂಡು ಬಂದೆ" ಎನ್ನುತ್ತಿದ್ದಳು.

"ಕೂತ್ಕೊಳ್ಳೇ ಕೇತಿ!" ಎಂದು ಹಟ್ಟಿಯವರೆಲ್ಲ ಹೇಳುತ್ತಿದ್ದರು. ಅವಳ ಮಗಳು ನೀಲಿ ಹೇಳುತ್ತಿದ್ದಳು. ಹೊಳೆ ಹೇಳುತ್ತಿತ್ತು, ಅದಕ್ಕೆ ಹೇಳುವ ಹಕ್ಕು ಇರಲಿಲ್ಲ, ಆದರೂ ಹೇಳುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಿದ್ದವನು ಕೇತಿಯ ಗಂಡನ ಅಣ್ಣ ಗುಡ್ಡಯ್ಯ. ಅವನು ಹಟ್ಟಿಯ ಹಿರಿಯ. ಅವನ ಕೆಲಸ ನೆರಳಿನ ಹೊತ್ತು ಕಾಯುವುದು.

ನೆರಳಿನ ಹೊತ್ತು ಎಂದರೆ ನಡುಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದು, ಮನುಷ್ಯನ ನೆರಳು ಅವನ ಕಾಲಡಿಗೇ ನುಸುಳಿಕೊಳ್ಳುವ ಹೊತ್ತು. ಆಗ ಅಲ್ಲಾಡಿದರೆ ನಿನ್ನ ನೆರಳನ್ನು ನೀನೇ ತುಳಿದ ಹಾಗೆ. ಹಾಗೆ ತುಳಿದರೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕದು ಯಾವುದಿದೆಯೋ ಅದಕ್ಕೆ ಕೇಡು. ಹಾಗೆಂದು ಹಟ್ಟಿಯವರು ನಂಬಿದ್ದರು. ಗುಡ್ಡಯ್ಯ ಒಂದು ಕೋಲು ನೆಟ್ಟು, ಕೋಲಿನ ನೆರಳು ಕಾಣೆಯಾಗುತ್ತಲೇ "ಹೂಂ!" ಎನ್ನುತ್ತಿದ್ದ. ಎಲ್ಲರೂ ಇದ್ದಲ್ಲೇ ಕೂರುತ್ತಿದ್ದರು. ನೆರಳು ಮತ್ತೆ ಇಣುಕಿದಾಗ "ಆಯ್ತು" ಎನ್ನುತ್ತಿದ್ದ. ಅಲ್ಲಿಯ ತನಕ ಯಾರೂ ಕೈಬೆರಳು ಕೂಡ ಮಿಸುಕಿಸುವ ಹಾಗಿಲ್ಲ.

ಕೇತಿಗೆ ದಿನದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಆದರೂ ಕೂರುತ್ತಿದ್ದಳು. ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು.

ಹೀಗಿರುವಾಗ ನೀಲಿಗೆ ಹೆಣ್ಣುಮಗು ಹುಟ್ಟಿತು. ಏಳು ತಿಂಗಳಿಗೇ ಆತುರಪಟ್ಟು ಬಂದುಬಿಟ್ಟಿತ್ತು.

"ಅಜ್ಜಿ ಥರ," ಎಂದ ಗುಡ್ಡಯ್ಯ.

ಮಗು ಮುಷ್ಟಿಯಷ್ಟಿತ್ತು. ಅದರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಒಳಗಿನ ನೀಲಿ ನರ ಕಾಣುತ್ತಿತ್ತು. ಹತ್ತಿಗಿಡಕ್ಕೆ ಆಗಿನ್ನೂ ಬಟ್ಟೆಯ ಯೋಚನೆ ಬಂದಿರಲಿಲ್ಲ. ಜನ ಹೊದೆಯುತ್ತಿದ್ದದ್ದು ಚರ್ಮವನ್ನೇ. ಸುಲಿದು ಬಿಸಿಲಿಗೆ ಹಾಕಿದ ಚರ್ಮ ಹೇಗಿರುತ್ತದೆ ಗೊತ್ತಾ? ಹಲಗೆ. ಗಂಡಸರು ನಡೆದರೆ ಬಾಗಿಲೇ ಎದ್ದು ನಡೆದಂತೆ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಅದನ್ನು ಮಗುವಿಗೆ ಸುತ್ತಿದರೆ ಎರಡು ಕಡೆ ಗೀರಿತು, ನಾಲ್ಕು ಕಡೆ ಸಂದಿ ಬಿಟ್ಟಿತು. ಗೀರಿದ ಕಡೆ ರಕ್ತ ಜಿನುಗಿತು, ಸಂದಿಯಲ್ಲಿ ಚಳಿ ನುಗ್ಗಿತು.

ಮಗುವಿಗೆ ಹೆಸರಿಡುವ ಧೈರ್ಯ ಯಾರಿಗೂ ಆಗಲಿಲ್ಲ.

ಮಗು ಹುಟ್ಟಿದ ದಿನ ಬೆಟ್ಟದ ಮೇಲಿಂದ ಗಾಳಿ ಇಳಿದು ಬಂದು ಹಟ್ಟಿಯ ಸುತ್ತ ಒಂದು ಸುತ್ತು ಹಾಕಿತು. ಕೇತಿ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು.

"ಕೇತಿ, ನಿನ್ನ ಹತ್ರ ಸುಳ್ಳು ಹೇಳಲ್ಲ," ಎಂದಿತು ಗಾಳಿ. "ಇವತ್ತಿಗೆ ಐದನೇ ದಿನ ಸಂಜೆ ನಾನು ಇಬ್ಬನಿ ಹೊತ್ಕೊಂಡು ಬರ್ತೀನಿ. ಗಟ್ಟಿಯಾಗಿರೋ ಇಬ್ಬನಿ. ಕಲ್ಲು ಬಿರಿಯೋ ಅಂಥದು."

"ಒಂದು ತಿಂಗಳು ಬಿಟ್ಟು ಬಾರೋ."

"ಕೊಟ್ಟಿರೋದೇ ಅದೊಂದು ಕೆಲಸ. ಅದನ್ನೂ ಸರಿಯಾಗಿ ಮಾಡದೆ ಇದ್ರೆ ನನ್ನ ಗಾಳಿ ಅಂತ ಯಾರು ಕರೀತಾರೆ? ಮಗೂನ ಬೆಚ್ಚಗೆ ಇಟ್ಕೊ. ಸಂದಿ ಕಂಡ್ರೆ ನಾನು ಬೇಡ ಅಂದ್ರೂ ಒಳಗೆ ಹೋಗ್ತೀನಿ. ನನ್ನ ಬುದ್ಧಿನೇ ಹಾಗೆ."

ಕೇತಿಗೆ ಕೂರಲಾಗಲಿಲ್ಲ. ಹೊಳೆಯ ದಡಕ್ಕೆ ಓಡಿದಳು. ಅಲ್ಲಿಂದ ವಾಪಸ್ಸು ಬಂದಳು. ಮತ್ತೆ ಓಡಿದಳು. ಮೂರನೆಯ ಸಲ ಹೋದಾಗ ಜೊಂಡಿನ ಪಕ್ಕದಲ್ಲಿ ಒಂದು ಮುದಿ ಜಿಂಕೆ ಮಲಗಿತ್ತು. ಅದರ ಮುಖದ ಕೂದಲೆಲ್ಲ ನರೆತಿತ್ತು. ಪಕ್ಕದಲ್ಲಿ ಅದರ ಮಗಳು, ಒಂದು ಎಳೆಯ ಜಿಂಕೆ, ಹುಲ್ಲು ಮೇಯುತ್ತ ಬಂಡೆಯ ಹಾಗೆ ನಿಂತಿತ್ತು.

"ನಿನ್ನನ್ನ ನೋಡ್ತಾನೇ ಇದೀನಿ," ಎಂದಿತು ಮುದಿ ಜಿಂಕೆ. "ಬರ್ತೀಯ, ಹೋಗ್ತೀಯ, ಬರ್ತೀಯ. ಏನಮ್ಮಾ ನಿನ್ನ ಸಂಕಟ?"

ಕೇತಿ ಹೇಳಿದಳು. ಹೇಳುವಾಗಲೂ ಜೊಂಡು ಕಿತ್ತು ಕಿತ್ತು ಗಂಟು ಹಾಕುತ್ತಿದ್ದಳು.

ಜಿಂಕೆ ಆ ಕೈಗಳನ್ನೇ ನೋಡಿತು. "ನಾನು ಇವತ್ತು ಸಂಜೆ ತನಕ ಇರಲ್ಲ. ಹುಲಿ ತಿನ್ನದೆ ಮುದುಕಿಯಾಗಿ ಸಾಯ್ತಿರೋ ಮೊದಲನೇ ಜಿಂಕೆ ನಾನು. ಅದೇನು ಜಾಣತನ ಅಲ್ಲ, ಅದೃಷ್ಟ. ನನ್ನ ಚರ್ಮ ತಗೋ. ಆದ್ರೆ ಬಿಸಿಲಿಗೆ ಹಾಕಬೇಡ. ಹೊಳೇಲಿ ನೆನೆಸು. ಕೂದಲು ಬಿಡೋ ಹೊತ್ತಿಗೆ ತೆಗೆದು ಮೂಳೆಯಿಂದ ಹೆರಿ. ಆಮೇಲೆ ನನ್ನ ಮಿದುಳನ್ನ ಬಿಸಿನೀರಲ್ಲಿ ಕಿವುಚಿ ಅದಕ್ಕೆ ತಿಕ್ಕು. ನನ್ನ ಚರ್ಮಕ್ಕೆ ಎಷ್ಟು ಬೇಕೋ ಅಷ್ಟು ಮಿದುಳು ನನ್ನ ತಲೇಲೇ ಇದೆ. ಎಲ್ಲ ಪ್ರಾಣಿಗೂ ಹಾಗೇ ಅಳತೆ ನೋಡಿ ಇಟ್ಟಿರ್ತಾರೆ."

ಕೇತಿಗೆ ಗುಡ್ಡಯ್ಯನ ನೆನಪಾಯಿತು. "ಎಲ್ಲರಿಗೂ?" ಎಂದಳು.

"ಬಹುಪಾಲು," ಎಂದಿತು ಜಿಂಕೆ. "ಇನ್ನು ಮುಖ್ಯವಾದ ಮಾತು. ಮಿದುಳು ಕುಡಿದ ಚರ್ಮಾನ ಹಿಂಡಿ, ಎಳೀಬೇಕು. ಅಡ್ಡಕ್ಕೆ ಎಳಿ, ಉದ್ದಕ್ಕೆ ಎಳಿ. ಅದು ಪೂರ್ತಿ ಒಣಗೋ ತನಕ ನಿನ್ನ ಕೈ ನಿಲ್ಲಬಾರದು. ನಿಂತ್ರೆ ಅದೂ ನಿಲ್ಲುತ್ತೆ. ನಿಂತಿದ್ದು ಮತ್ತೆ ಹಲಗೆ."

"ನನ್ನ ಕೈ ನಿಲ್ಲೋದೇ? ಊರವರನ್ನ ಕೇಳು."

"ಅದಕ್ಕೇ ನಿನಗೆ ಹೇಳ್ತಿರೋದು. ಇದಕ್ಕೆ ಬದಲಾಗಿ ನನಗೂ ಒಂದು ಬೇಕು. ಅಲ್ಲಿ ನೋಡು, ನನ್ನ ಮಗಳು. ತಾಯಿ ಸಾಯ್ತಾ ಇದಾಳೆ, ಇವಳು ಕತ್ತೆತ್ತಿಲ್ಲ. ಹುಲಿ ಬಂದ್ರೂ ಎತ್ತಲ್ಲ. ನಿನ್ನ ಒಳಗೆ ಕೂರೋಕೆ ಬಿಡದ ಒಂದು ಚಡಪಡಿಕೆ ಇದೆಯಲ್ಲ, ಅದನ್ನ ಅವಳಿಗೆ ಕೊಡು."

ಕೇತಿ ನಕ್ಕೇಬಿಟ್ಟಳು. ಅಳುವಿನ ನಡುವೆ ಬಂದ ನಗು. "ಅಯ್ಯೋ ಮಾರಾಯ್ತಿ, ಅದಾ? ಹುಟ್ಟಿದಾಗಿಂದ ಅದಕ್ಕೇ ಬೈಸ್ಕೊಂಡಿದೀನಿ. ಈಗಲೇ ತಗೊಂಡು ಹೋಗಲಿ, ಎರಡು ಕೈಯಿಂದ ಕೊಡ್ತೀನಿ."

"ಈಗ ಬೇಡ. ನಿನ್ನ ಕೆಲಸಕ್ಕೆ ಬೇಕು. ಕೆಲಸ ಮುಗಿದ ಮೇಲೆ ಅವಳು ಬರ್ತಾಳೆ. ಆಗ ಕೊಡು," ಎಂದು ಹೇಳಿ ಮುದಿ ಜಿಂಕೆ ತಲೆಯನ್ನು ಜೊಂಡಿನ ಮೇಲೆ ಇಟ್ಟಿತು. ಮತ್ತೆ ಎತ್ತಲಿಲ್ಲ.

ಎರಡು ದಿನ ಚರ್ಮ ಹೊಳೆಯಲ್ಲಿ ನೆನೆಯಿತು. ಹೊಳೆಗೆ ಕೇತಿ ಕೈಮುಗಿದು ಹೇಳಿದ್ದಳು: "ಎರಡು ದಿನ ಒಂದೇ ಕಡೆ ಹರಿ ತಾಯಿ, ಚರ್ಮ ಕೊಚ್ಚಿಕೊಂಡು ಹೋಗಬೇಡ." ಹೊಳೆ ಗೊಣಗಿಕೊಂಡು ಒಪ್ಪಿತು. ಹಾಗೆ ಹರಿದದ್ದು ಅಭ್ಯಾಸವಾಗಿ ಆಮೇಲೆ ದಿಕ್ಕು ಬದಲಿಸಲೇ ಇಲ್ಲ. ಆದರೆ ಅದು ಹೊಳೆಯ ಕತೆ.

ಮೂರನೆಯ ದಿನ ಕೇತಿ ಒಂದು ನುಣುಪಾದ ದಿಮ್ಮಿಯ ಮೇಲೆ ಚರ್ಮ ಹಾಸಿ ಮೂಳೆಯಿಂದ ಹೆರೆದಳು. ಕೂದಲು ಹೋಯಿತು. ಕೂದಲಿನ ಕೆಳಗಿನ ಜಾರುವ ಪದರ ಹೋಯಿತು. ತಿರುಗಿಸಿ ಹಾಕಿ ಒಳಗಿನ ಕೊಬ್ಬು, ಮಾಂಸದ ಎಳೆ ಎಲ್ಲ ತೆಗೆದಳು. ನೊಣಗಳು ಬಂದು, "ಏನಮ್ಮಾ, ಹಬ್ಬವಾ?" ಎಂದವು. ನಾಯಿಗಳು ಏನೂ ಕೇಳದೆ ಕೂತು ನೋಡಿದವು. ಸಂಜೆ ಹೊತ್ತಿಗೆ ಅವಳ ಬೆನ್ನು ಬಿಲ್ಲಾಗಿತ್ತು, ಅವಳ ಹತ್ತಿರ ಹೋದವರು ಮೂಗು ಹಿಡಿದುಕೊಂಡು ವಾಪಸ್ಸಾಗಿದ್ದರು.

ಒಳಗೆ ಮಗುವಿನ ಅಳು ಮೊದಲಿಗಿಂತ ಸಣ್ಣದಾಗಿತ್ತು.

ನಾಲ್ಕನೆಯ ದಿನ ಬೆಳಗಾಗುತ್ತಲೇ ಮಿದುಳನ್ನು ಬಿಸಿನೀರಲ್ಲಿ ಕಿವುಚಿದಳು. ಅದು ತೆಳ್ಳಗೆ ಗಂಜಿಯಂತಾಯಿತು. ಚರ್ಮವನ್ನು ಅದರಲ್ಲಿ ಅದ್ದಿ, ತಿಕ್ಕಿ, ನೆನೆಸಿ, ಮರಕ್ಕೆ ಸುತ್ತಿ ಕೋಲು ಹಾಕಿ ಹಿಂಡಿದಳು. ಆಮೇಲೆ ಎಳೆಯಲು ಶುರುಮಾಡಿದಳು. ಅಡ್ಡಕ್ಕೆ ಎಳೆದಳು, ಉದ್ದಕ್ಕೆ ಎಳೆದಳು. ಪಾದದಡಿ ಒಂದು ತುದಿ ಇಟ್ಟು ಎಳೆದಳು, ಮರದ ಕವಲಿಗೆ ಹಾಕಿ ಉಜ್ಜಿದಳು. ಅಡ್ಡಕ್ಕೆ, ಉದ್ದಕ್ಕೆ, ಅಡ್ಡಕ್ಕೆ, ಉದ್ದಕ್ಕೆ.

ಹುಟ್ಟಿದಾಗಿಂದ ಮೊದಲನೆಯ ಸಲ ಯಾರೂ ಅವಳಿಗೆ ಕೂತ್ಕೋ ಎನ್ನಲಿಲ್ಲ.

ಚರ್ಮ ಮೆಲ್ಲಗೆ ಬೆಳ್ಳಗಾಗತೊಡಗಿತು. ಅಂಚಿನಲ್ಲಿ ಮೆತ್ತಗಾಗತೊಡಗಿತು. ಕೇತಿ ಅದನ್ನು ಕೆನ್ನೆಗೆ ಒತ್ತಿ ನೋಡಿದಳು. ಮೊಲದ ಕಿವಿಯ ಹಾಗಿತ್ತು.

ಅಷ್ಟರಲ್ಲಿ ಗುಡ್ಡಯ್ಯ, "ಹೂಂ!" ಎಂದ.

ಕೋಲಿನ ನೆರಳು ಕಾಣೆಯಾಗಿತ್ತು. ಹಟ್ಟಿಯವರೆಲ್ಲ ಕೂತರು. ಕೇತಿ ನಿಂತೇ ಇದ್ದಳು. ಕೈ ಆಡುತ್ತಲೇ ಇತ್ತು.

"ಕೂತ್ಕೊಳ್ಳೇ ಕೇತಿ!"

"ಭಾವಾ, ಇನ್ನೇನು ಒಣಗಿಬಿಡುತ್ತೆ. ಇನ್ನೊಂದು ಚೂರು."

"ನಿನ್ನ ಮನೇಲಿ ಎಲ್ಲರಿಗಿಂತ ಚಿಕ್ಕದು ಯಾರು ಅಂತ ಯೋಚನೆ ಮಾಡಿದೀಯಾ?"

ಕೇತಿಯ ಕೈ ನಿಂತಿತು.

ಅವಳು ಕೂತಳು. ಮಗುವಿಗಾಗಿ ಎಳೆಯುತ್ತಿದ್ದವಳು ಮಗುವಿಗಾಗಿಯೇ ಕೂತಳು. ತೊಡೆಯ ಮೇಲೆ ಚರ್ಮ, ಚರ್ಮದ ಮೇಲೆ ಬಿಸಿಲು. ಅವಳ ಕಣ್ಣೆದುರೇ ಅದು ಒಂದು ಮೂಲೆಯಿಂದ ಬಿಗಿಯತೊಡಗಿತು. ಬಿಗಿತ ನಡುವಿಗೆ ಬಂತು. ಟಕ್ ಎಂದು ಒಂದು ಸದ್ದು ಬಂತು.

"ಆಯ್ತು," ಎಂದ ಗುಡ್ಡಯ್ಯ.

ಆಗಿಹೋಗಿತ್ತು. ಕೇತಿಯ ತೊಡೆಯ ಮೇಲಿದ್ದದ್ದು ಹಲಗೆ.

ಅವಳು ಅಳಲಿಲ್ಲ. ಅಳಲು ಒಂದು ಕಡೆ ಕೂರಬೇಕಲ್ಲ. ಹಲಗೆಯನ್ನು ಎತ್ತಿಕೊಂಡು ಹೋಗಿ, ಮಡಕೆಯ ತಳದಲ್ಲಿ ಉಳಿದಿದ್ದ ಮಿದುಳಿನ ನೀರಿಗೆ ಒಂದು ಪಾಲು ಬಿಸಿನೀರು ಸೇರಿಸಿ ಅದರಲ್ಲಿ ಮುಳುಗಿಸಿದಳು. ಮತ್ತೆ ಸಿಗುವಂಥದ್ದಲ್ಲ ಅದು. ಇದೂ ಹೋದರೆ ಮುಗಿಯಿತು.

ಐದನೆಯ ದಿನ ಬೆಳಗ್ಗೆ ಮತ್ತೆ ಹಿಂಡಿದಳು. ಮತ್ತೆ ಎಳೆಯಲು ಶುರುಮಾಡಿದಳು. ಅಡ್ಡಕ್ಕೆ, ಉದ್ದಕ್ಕೆ. ಬೆರಳ ಗೆಣ್ಣುಗಳು ಸುಲಿದಿದ್ದವು. ಬೆಟ್ಟದ ತುದಿಯಲ್ಲಿ ಗಾಳಿ ಇಬ್ಬನಿಯ ಮೂಟೆ ಕಟ್ಟುತ್ತಿರುವುದು ಇಲ್ಲಿಗೇ ಕೇಳುತ್ತಿತ್ತು. ಸೂರ್ಯ ಮೇಲೇರಿದ. ನೆರಳು ಕುಗ್ಗುತ್ತ ಬಂತು. ಚರ್ಮ ಒಣಗಿರಲಿಲ್ಲ. ನೆರಳು ಇನ್ನೂ ಕುಗ್ಗಿತು. ಚರ್ಮ ಇನ್ನೂ ಒಣಗಿರಲಿಲ್ಲ.

"ಹೂಂ!" ಎಂದ ಗುಡ್ಡಯ್ಯ.

ಎಲ್ಲರೂ ಕೂತರು. ಕೇತಿ ನಿಂತಿದ್ದಳು. ಕೈ ಆಡುತ್ತಿತ್ತು. ಒಂದು ಹೆಜ್ಜೆ ಹಿಂದಕ್ಕೆ ಹಾಕದೆ ಚರ್ಮ ಎಳೆಯಲಾಗುವುದಿಲ್ಲ. ಹೆಜ್ಜೆ ಹಾಕಿದರೆ ಕಾಲಡಿಯಲ್ಲಿ ನೆರಳು. ಅವಳು ಗುಡಿಸಿಲಿನ ಕಡೆ ನೋಡಿದಳು. ಬಾಗಿಲಲ್ಲಿ ನೀಲಿ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮಗು ಈಗ ಅಳುತ್ತಲೇ ಇರಲಿಲ್ಲ. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ಅವ್ವಾ," ಎಂದಳು ನೀಲಿ. "ತುಳಿ."

"ಏನಾದ್ರೂ ಆದ್ರೆ?"

"ಕೂತಿದ್ರೂ ಆಗುತ್ತೆ. ಸಾಯಂಕಾಲಕ್ಕೆ ಆಗುತ್ತೆ. ಈ ಹೊತ್ತೊಂದು ಬಿಟ್ರೆ ನೀನು ಜೀವಮಾನದಲ್ಲಿ ಯಾರ ಮಾತೂ ಕೇಳಿ ಕೂತವಳಲ್ಲ, ಇವತ್ತು ಕೂರಬೇಡ."

ಕೇತಿ ಕಣ್ಣು ಮುಚ್ಚಿ ಹಿಂದಕ್ಕೆ ಹೆಜ್ಜೆ ಹಾಕಿದಳು. ಕಾಲಡಿಯಲ್ಲಿ ಏನೋ ಮೆತ್ತಗೆ ಸಿಕ್ಕಿತು.

"ಅಬ್ಬಾ!" ಎಂದಿತು ಅವಳ ನೆರಳು. "ಮಾರಾಯ್ತಿ, ಕೊನೆಗೂ ಎದ್ದೆಯಲ್ಲ! ದಿನಾ ನಿನ್ನ ಅಡೀಲಿ ಮುದುಡಿಕೊಂಡು ಕೂತು ಕೂತು ನನ್ನ ಕಾಲು ಜೋಮು ಹಿಡಿದಿತ್ತು."

"ನಿಂಗೆ ನೋವಾಗಲಿಲ್ವಾ?"

"ನೋವಾ? ಇನ್ನೂ ಸ್ವಲ್ಪ ಆ ಕಡೆ ತುಳಿ. ಹಾಂ, ಅಲ್ಲೇ, ಸೊಂಟದ ಹತ್ರ."

ಕೇತಿ ಎಳೆದಳು. ಅಡ್ಡಕ್ಕೆ, ಉದ್ದಕ್ಕೆ. ಹಟ್ಟಿಯವರು ಬಾಯಿ ಬಿಟ್ಟುಕೊಂಡು ಕೂತಿದ್ದರು. ಎದ್ದು ತಡೆಯೋಣವೆಂದರೆ ಏಳುವ ಹಾಗಿಲ್ಲ. ಗುಡ್ಡಯ್ಯನಿಗೆ ಆ ತೊಂದರೆ ಈಗ ಹೊಳೆಯಿತು. ಅವನು ಒಮ್ಮೆ ಮಗುವಿನ ಕಡೆ ನೋಡಿದ. ಬಾಯಿ ತೆರೆದು ಮುಚ್ಚುತ್ತಿತ್ತು. ಬೆಟ್ಟದ ಕಡೆ ನೋಡಿದ. ಬೆಟ್ಟ ಅಲ್ಲಾಡಲಿಲ್ಲ. ಕೋಲಿನ ಕಡೆ ನೋಡಿದ. ಕೋಲಿಗೆ ಇದ್ಯಾವುದರ ಸಂಬಂಧವೂ ಇರಲಿಲ್ಲ.

"ಕೇತಿ," ಎಂದ ಸಣ್ಣ ದನಿಯಲ್ಲಿ. "ಒಂದು ತುದಿ ಇತ್ತ ಹಾಕು."

"ಏಳ್ತೀಯಾ ಭಾವ?"

"ನಾನ್ಯಾಕೆ ಏಳಲಿ? ನಾನು ನೆರಳು ಕಾಯೋನು. ಕೂತೇ ಹಿಡ್ಕೋತೀನಿ."

ಗುಡ್ಡಯ್ಯ ಕೂತಲ್ಲೇ ಕಾಲು ಚಾಚಿ, ಚರ್ಮದ ಒಂದು ತುದಿಯನ್ನು ಎರಡೂ ಪಾದಕ್ಕೆ ಸಿಕ್ಕಿಸಿಕೊಂಡು ಹಿಂದಕ್ಕೆ ವಾಲಿದ. ಕೇತಿ ಈ ತುದಿಯಿಂದ ಎಳೆದಳು. ಹಿರಿಯನೆಂಬ ಮರ್ಯಾದೆ ಬಿಟ್ಟು ಎಳೆದಳು. ಗುಡ್ಡಯ್ಯ ಅಂಗಳದ ತುಂಬ ಕೂತಲ್ಲೇ ಜಾರಿದ. ಆದರೆ ಎದ್ದನೆಂದು ಯಾರೂ ಹೇಳುವ ಹಾಗಿರಲಿಲ್ಲ.

ಕೋಲಿನ ನೆರಳು ಇಣುಕಿತು. "ಆಯ್ತು" ಎನ್ನಲು ಗುಡ್ಡಯ್ಯನಿಗೆ ಉಸಿರಿರಲಿಲ್ಲ. ಅದನ್ನು ಚರ್ಮವೇ ಹೇಳಿತು. ಬೆಳ್ಳಗೆ, ಹಗುರಾಗಿ, ಬೆಚ್ಚಗೆ, ಕೇತಿಯ ಕೈಯಿಂದ ನೀರಿನ ಹಾಗೆ ಇಳಿಬಿದ್ದಿತು.

ಕೇತಿ ಓಡಿಹೋಗಿ ಮಗುವಿಗೆ ಸುತ್ತಿದಳು. ಒಂದು ಕಡೆಯೂ ಗೀರಲಿಲ್ಲ. ಒಂದು ಕಡೆಯೂ ಸಂದಿ ಬಿಡಲಿಲ್ಲ. ಮಗು ಮೊದಲನೆಯ ಸಲ ಕೈ ಬಿಚ್ಚಿತು. ಎಲ್ಲರೂ ಆಹಾ ಎಂದರು.

ಆಮೇಲೆ ಮಗು ಉಚ್ಚೆ ಹೊಯ್ದಿತು.

ಚರ್ಮದ ಆ ಮೂಲೆ ಒದ್ದೆಯಾಯಿತು. ಬಿಸಿಲಿಗೆ ಹಿಡಿದರು. ಒಣಗಿತು. ಒಣಗಿದ ಮೂಲೆ ಮತ್ತೆ ಹಲಗೆ.

ಸೂರ್ಯ ಇಳಿಯುತ್ತಿದ್ದ. ಬೆಟ್ಟದ ತುದಿಯಲ್ಲಿ ಗಾಳಿ ಮೂಟೆ ಹೆಗಲಿಗೇರಿಸುವ ಸದ್ದು.

"ಮುದಿ ಜಿಂಕೆ ಇದನ್ನ ಹೇಳಲಿಲ್ಲ," ಎಂದಳು ಕೇತಿ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಳು. ಆ ತುದಿಯಿಂದ ಈ ತುದಿಗೆ. "ಯಾಕೆ ಹೇಳಲಿಲ್ಲ?"

"ಅವಳಿಗೆ ಮಳೆಯ ಹೆದರಿಕೆ ಎಲ್ಲಿತ್ತು?" ಎಂದು ಅಂಗಳದ ಮೂಲೆಯಿಂದ ಒಂದು ದನಿ ಬಂತು. "ಬದುಕಿರೋರ ಚರ್ಮ ತಾನೇ ನೋಡ್ಕೊಳ್ಳುತ್ತೆ. ಸತ್ತೋರ ಚರ್ಮಕ್ಕೆ ನಾನು ಬೇಕು."

ಅದು ಹೊಗೆ. ಒಂದು ಗೆದ್ದಲು ಹಿಡಿದ ಕೊರಡಿನ ಮೇಲೆ ಮಲಗಿಕೊಂಡಿತ್ತು. ಲೋಕ ಹುಟ್ಟಿದಾಗಿಂದ ಹೊಗೆ ಮಾಡಿದ್ದು ಮಲಗುವುದು, ಕಣ್ಣಲ್ಲಿ ನೀರು ತರಿಸುವುದು, ಎರಡೇ.

"ಏನು ಮಾಡಬೇಕು?" ಎಂದಳು ಕೇತಿ.

"ನೀನೇನೂ ಮಾಡಬೇಡ. ಚರ್ಮಾನ ಚೀಲದ ಹಾಗೆ ಹೊಲಿದು ನನ್ನ ಮೇಲೆ ತೂಗುಹಾಕು. ಲಡ್ಡು ಹಿಡಿದ ಕಟ್ಟಿಗೆ ಹಾಕು, ಉರಿ ಬೇಡ. ಉರಿ ಬಂದ್ರೆ ನಂಗೆ ನಿದ್ದೆ ಕೆಡುತ್ತೆ, ನಿಂಗೆ ಚರ್ಮ ಕೆಡುತ್ತೆ. ಒಳಗೆ ನಾನು ಸುಮ್ಮನೆ ಮಲಗಿರ್ತೀನಿ. ನಾನು ಮಲಗಿ ಎದ್ದ ಚರ್ಮಕ್ಕೆ ನೀರು ಏನೂ ಮಾಡಕ್ಕಾಗಲ್ಲ."

ಕೇತಿ ನಾರಿನಿಂದ ಹೊಲಿದಳು. ಗುಡ್ಡಯ್ಯ ಕಟ್ಟಿಗೆ ಹಾಕಲು ಗುಂಡಿ ತೋಡಿದ, ಈ ಸಲ ನಿಂತುಕೊಂಡೇ. ಚರ್ಮದ ಚೀಲ ಉಬ್ಬಿತು. ಹೊಗೆ ಒಳಗೆ ಹೊಕ್ಕು ಮಲಗಿತು. ಕೇತಿ ಮಾತ್ರ ಮಲಗಲಿಲ್ಲ, ಕೂರಲಿಲ್ಲ. ಕಿಡಿ ಕಂಡರೆ ಮಣ್ಣು ಹಾಕಿದಳು. ಹೊಗೆ ಸೋರಿದರೆ ಹೊಲಿಗೆ ಬಿಗಿದಳು. ಒಂದು ಮಗ್ಗುಲು ಬಣ್ಣ ಬಂದ ಮೇಲೆ ಚೀಲ ಮಗುಚಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ಹೊಗೆಯದೆಂದೇ ಎಲ್ಲರೂ ಅಂದುಕೊಂಡರು.

ಸೂರ್ಯ ಬೆಟ್ಟಕ್ಕೆ ತಾಗುವ ಹೊತ್ತಿಗೆ ಚರ್ಮ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಚ್ಚಿ, ಗಟ್ಟಿಯಾಗಿದ್ದ ಮೂಲೆಯನ್ನು ಒದ್ದೆ ಮಾಡಿ ಎಳೆದಳು. ಮೆತ್ತಗಾಯಿತು. ಮೆತ್ತಗೇ ಉಳಿಯಿತು. ಮಗುವಿಗೆ ಸುತ್ತುವುದಕ್ಕೂ ಗಾಳಿ ಅಂಗಳಕ್ಕೆ ಇಳಿಯುವುದಕ್ಕೂ ಸರಿಹೋಯಿತು.

ಗಾಳಿ ಬಂದು ಹುಡುಕಿತು. ಮೇಲಿಂದ ನೋಡಿತು, ಕೆಳಗಿಂದ ನೋಡಿತು, ಮಗುವಿನ ಗಲ್ಲದ ಹತ್ತಿರ ಬೆರಳು ತೂರಿಸಿ ನೋಡಿತು. ಎಲ್ಲೂ ಸಂದಿ ಇರಲಿಲ್ಲ. ಮಗು ಮತ್ತೊಮ್ಮೆ ಉಚ್ಚೆ ಹೊಯ್ದು ನಿದ್ದೆ ಹೋಗಿತ್ತು.

"ಸರಿ ಬಿಡು," ಎಂದಿತು ಗಾಳಿ. ಅದರ ದನಿಯಲ್ಲಿ ಸಿಟ್ಟಿರಲಿಲ್ಲ. ಇಬ್ಬನಿಯನ್ನೆಲ್ಲ ಹುಲ್ಲಿನ ಮೇಲೆ ಸುರಿದು ಹೊರಟುಹೋಯಿತು.

ಆಗ ಅಂಗಳದ ಅಂಚಿನಲ್ಲಿ ಎಳೆಯ ಜಿಂಕೆ ಬಂದು ನಿಂತಿತು. ಬಂಡೆಯ ಹಾಗೆ.

"ಅಮ್ಮ ಹೇಳಿದ್ಳು," ಎಂದಿತು.

ಕೇತಿ ಐದು ದಿನದ ಹಿಂದೆ ಎರಡು ಕೈಯಿಂದ ಕೊಡುತ್ತೇನೆ ಎಂದಿದ್ದಳು. ಈಗ ಆ ಎರಡು ಕೈಗಳನ್ನೂ ನೋಡಿಕೊಂಡಳು. ಸುಲಿದ ಗೆಣ್ಣು, ಹೊಗೆ ಮೆತ್ತಿದ ಅಂಗೈ. ಜೀವಮಾನವೆಲ್ಲ ಬೈಸಿಕೊಂಡ ಚಡಪಡಿಕೆ. ಅದಿಲ್ಲದಿದ್ದರೆ ಈ ಮಗು ಇರುತ್ತಿತ್ತಾ?

"ಕೊಡದೆ ಇದ್ರೆ?" ಎಂದಳು.

"ಕೊಡದೆ ಇದ್ರೆ ಹೋಗ್ತೀನಿ," ಎಂದಿತು ಜಿಂಕೆ, ಮೇಯುವ ದನಿಯಲ್ಲಿ. "ಹುಲಿ ಹೊಳೆಯ ಆ ದಡದಲ್ಲಿದೆ. ಆಗಲೇ ನೋಡ್ದೆ. ಓಡಬೇಕು ಅಂತ ಅನ್ನಿಸಲೇ ಇಲ್ಲ."

ಅಷ್ಟು ಹೇಳಿ ಜಿಂಕೆ ಸುಮ್ಮನೆ ನಿಂತಿತು. ಅದಕ್ಕೆ ಹೆದರಿಕೆಯೂ ಇರಲಿಲ್ಲ. ಅದನ್ನು ನೋಡಿ ಕೇತಿಗೆ ಹೆದರಿಕೆಯಾಯಿತು. ಯಾರದ್ದೋ ಮಗಳು. ಅಮ್ಮನ ಚರ್ಮ ಒಳಗೆ ಬೆಚ್ಚಗೆ ಮಲಗಿದೆ, ಮಗಳು ಹೊರಗೆ ಇಬ್ಬನಿಯಲ್ಲಿ ನಿಂತಿದೆ.

"ಬಾ ಇಲ್ಲಿ," ಎಂದಳು ಕೇತಿ.

ಜಿಂಕೆಯ ಕುತ್ತಿಗೆಯ ಮೇಲೆ ಎರಡೂ ಕೈ ಇಟ್ಟಳು. ಬೆನ್ನಿನ ಉದ್ದಕ್ಕೂ ಸವರಿದಳು. ಅಡ್ಡಕ್ಕೆ, ಉದ್ದಕ್ಕೆ. ಭುಜ ಸವರಿದಳು, ಪಕ್ಕೆ ಸವರಿದಳು, ಬಾಲದ ತನಕ ಸವರಿದಳು. ಅವಳ ಕಾಲಿನ ಚಡಪಡಿಕೆ ಜಿಂಕೆಯ ಕಾಲಿಗೆ ಹೋಯಿತು. ಕಿವಿಯ ಹತ್ತಿರ ಕೈ ಹೋದಾಗ ಕಿವಿ ಮೊದಲನೆಯ ಸಲ ಆ ಕಡೆ ಈ ಕಡೆ ತಿರುಗಿತು. ಬೆನ್ನಿನ ಚರ್ಮದೊಳಗೆ ಒಂದು ಅಲೆ ಎದ್ದು ಪಕ್ಕೆಗಿಳಿಯಿತು. ಹೊಗೆ ಮೆತ್ತಿದ ಕೈ ಹೋದಲ್ಲೆಲ್ಲ ಕಂದು ಬಣ್ಣ ಕೂತಿತು. ಕೈ ತಲುಪದ ಹೊಟ್ಟೆ ಬೆಳ್ಳಗೇ ಉಳಿಯಿತು. ಬಣ್ಣದ ಕತೆ ಬೇರೆ ಎಂದು ಜಗಳವಾಡುವವರಿದ್ದಾರೆ. ಆಡಲಿ.

"ಸಾಕು," ಎಂದಿತು ಜಿಂಕೆ ಇದ್ದಕ್ಕಿದ್ದಂತೆ. ಅದರ ಕಣ್ಣು ಅಗಲವಾಗಿತ್ತು. "ಅಂಗೈಯಲ್ಲಿರೋದು ನೀನೇ ಇಟ್ಕೊ. ನಿನ್ನ ಮಗೂಗೆ ಬೇಕಾಗುತ್ತೆ. ಅದೇನು ಸದ್ದು? ಅಲ್ಲಿ ಯಾರು? ನಾನು ಹೊರಟೆ."

ಒಂದೇ ನೆಗೆತಕ್ಕೆ ಜೊಂಡು ದಾಟಿತು. ಹೊಳೆಯ ದಡದಲ್ಲಿ ಹುಲಿ, ಹಣ್ಣು ಕೀಳಲು ಹೋದವನ ಎದುರೇ ಗಿಡ ಓಡಿಹೋದರೆ ಹೇಗಿರುತ್ತದೋ, ಹಾಗೆ ನಿಂತಿತ್ತು.

ಕೇತಿ ಒಳಗೆ ಬಂದು ಮಗುವಿನ ಪಕ್ಕ ಕೂತಳು. ಜಿಂಕೆಗಿರುವ ಇನ್ನೊಂದು ಹೆಸರನ್ನೇ ಮಗುವಿಗೆ ಇಡೋಣವೆಂದಳು. ಹುಲ್ಲೆ. ನೀಲಿ ಹೂಂ ಎಂದಳು. ಕೇತಿ ಕೂತೇ ಇದ್ದಳು. ಊಟಕ್ಕೆ ಕರೆದರೂ ಕೂತಿದ್ದಳು. ಹಟ್ಟಿಯವರು ಗಾಬರಿಯಾಗಿ ಬಂದು ಬಾಗಿಲಲ್ಲಿ ನಿಂತರು.

"ಏಳೇ ಕೇತಿ," ಎಂದ ಗುಡ್ಡಯ್ಯ. "ಒಂದು ಸುತ್ತು ಓಡಾಡು. ನೋಡೋಕಾಗಲ್ಲ."

ಅವಳು ಏಳಲಿಲ್ಲ. ಅವಳ ಅಂಗೈ ಮಾತ್ರ ಮಗುವಿನ ಬೆನ್ನಿನ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಮಗು ನಿದ್ದೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಅದಕ್ಕೇ ನೋಡು, ನಡುಮಧ್ಯಾಹ್ನ ಕಾಡೆಲ್ಲ ಸುಮ್ಮನಾಗಿ, ಎಲೆ ಕೂಡ ಅಲ್ಲಾಡದೆ ಇರುವಾಗಲೂ, ನೆರಳಲ್ಲಿ ನಿಂತ ಜಿಂಕೆಯ ಬೆನ್ನ ಮೇಲೆ ಒಂದು ಸಣ್ಣ ನಡುಕ ಎದ್ದು ಪಕ್ಕೆಗಿಳಿಯುತ್ತಲೇ ಇರುತ್ತದೆ. ನಿನಗೆ ನಿದ್ದೆ ಬಂದ ಮೇಲೂ ನಿನ್ನ ಬೆನ್ನ ಮೇಲೆ ಅಜ್ಜಿಯ ಕೈ ತಟ್ಟುತ್ತಲೇ ಇರುತ್ತದೆ.